ಹೆಸರು ಕೂಗದೆ ಹೊಡೆದ ಚೆಂಡು

ಜೂನ್ 9, ಸೋಮವಾರ. ಬೆಳಗ್ಗೆ

ಮಂಡಿಗೆ ಐಸ್ ಇಟ್ಟದ್ದಾಯಿತು. ತೂಕ ನೋಡಿದ್ದಾಯಿತು. ಇಡ್ಲಿ ಎರಡೇ, ವಡೆ ಇಲ್ಲ. ಹೋಟೆಲಿನವರ ಮಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ. ಅಪ್ಪ ಗಲ್ಲಾದಲ್ಲಿ ಕೂತಲ್ಲಿಂದಲೇ ನನ್ನ ತಟ್ಟೆ ನೋಡಿ ಮುಖ ತಿರುಗಿಸಿಕೊಂಡರು.

ಕ್ಯಾಂಪಿನಿಂದ ಒಂದು ವಾರ ಬಿಡುವು. ಚೆಂಡು ಮುಟ್ಟಬೇಡ ಎಂದು ಹೇಳಿಯೇ ಕೋಚ್ ಕಳಿಸಿದ್ದಾರೆ. ವಾಲಿಬಾಲ್ ಲೀಗ್ ಟೀಮಿನ ಕೊನೆಯ ಆಯ್ಕೆ ಈ ತಿಂಗಳ ಕೊನೆಗೆ. ಈ ಸಲವೂ ಹೊರಗೆ ಉಳಿದರೆ ಮತ್ತೆ ನನ್ನನ್ನು ಯಾರೂ ಕರೆಯುವುದಿಲ್ಲ.

ಸದಾನಂದಣ್ಣ ಊರಿಗೆ ಹೊರಟಿದ್ದಾರಂತೆ, ಕಾಯಂ ಆಗಿ. ನಾನು ಹುಟ್ಟುವ ಮೊದಲಿನಿಂದ ಚೆನ್ನೈನ ಈ ಅಂಬತ್ತೂರಿನ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. "ಭಾನುವಾರ ಒಂದು ಆಟ ಆಡುವನಾ ಮಾರಾಯ್ತಿ? ಮತ್ತೆ ಯಾವಾಗ್ಲೋ ಏನೋ" ಅಂದರು. ಹೂಂ ಅಂದುಬಿಟ್ಟೆ. ಕೋಚಿಗೆ ಯಾರು ಹೋಗಿ ಹೇಳುತ್ತಾರೆ…

ಜೂನ್ 12, ಗುರುವಾರ

ಹೋಟೆಲಿನ ಹಿಂಬದಿಗೆ ಹೋಗಿ ನೋಡಿ ಬಂದೆ. ಅದೇ ಸಿಮೆಂಟ್ ಅಂಗಳ. ಸಿಲಿಂಡರ್ ಶೆಡ್ಡಿಗೂ ನುಗ್ಗೆ ಮರಕ್ಕೂ ಕಟ್ಟಿದ ಬಲೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಕೆಲಸದವರೆಲ್ಲ ಇಲ್ಲೇ ಆಡುವುದು. ನನಗೆ ವಾಲಿಬಾಲ್ ಹಿಡಿಯಲು ಕಲಿಸಿದ್ದು ಇಲ್ಲೇ, ಸದಾನಂದಣ್ಣನೇ. ಇಲ್ಲಿ ಇರುವುದು ಒಂದೇ ಕಾನೂನು: ಯಾರ ಕಡೆಗೆ ಹೊಡೆಯುತ್ತೀಯೋ ಅವರ ಹೆಸರು ಕೂಗಿ ಹೊಡೆಯಬೇಕು. ಎಲ್ಲ ನಸುಕಿನಿಂದ ನಿಂತ ಕಾಲುಗಳು. ಯಾರೂ ಬೀಳಬಾರದು.

ಕ್ಯಾಂಪಿನ ಹುಡುಗಿಯರಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕಿದ್ದರು. ಅವರ ಜೊತೆ ನಾನೂ ನಕ್ಕಿದ್ದೆ.

ಜೂನ್ 15, ಭಾನುವಾರ. ಸಂಜೆ 7

ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಗಳಿಗೆ ರಜೆ. ಹಾಗಾಗಿ ಹೋಟೆಲಿಗೂ ಮಧ್ಯಾಹ್ನದ ಮೇಲೆ ರಜೆ. ಎಲ್ಲರೂ ಬಂದಿದ್ದರು. ಸದಾನಂದಣ್ಣ ಆ ಕಡೆ, ನಾನೂ ತಮ್ಮ ಧನುಷನೂ ಈ ಕಡೆ. ಮೊದಲ ಅರ್ಧ ಗಂಟೆ… ಹೊಟ್ಟೆ ಹುಣ್ಣಾಗುವಷ್ಟು ನಗು. ನಾನೂ ಹೆಸರು ಕೂಗಿದೆ, ಮೆತ್ತಗೆ ಹೊಡೆದೆ. ಸದಾನಂದಣ್ಣ ಲುಂಗಿ ಎತ್ತಿ ಕಟ್ಟಿ, "ವೀಕ್ಷಾ, ತಕೋ" ಎನ್ನುತ್ತ ನನ್ನ ಕೈಗೇ ಕಳಿಸುತ್ತಿದ್ದರು. ಇಷ್ಟು ಖುಷಿಯಾಗಿ ಆಡಿ ಎಷ್ಟು ವರ್ಷವಾಗಿತ್ತೋ.

ಆಮೇಲೆ ಆ ಕಡೆಯವರು ಪಾಯಿಂಟಿನಲ್ಲಿ ಮುಂದೆ ಹೋದರು. ಧನುಷ್ ಎಂದಿನಂತೆ ತಮಿಳಿನಲ್ಲೇ ಕಿಚಾಯಿಸಿದ. ಪ್ರೊ ಪ್ಲೇಯರ್ ಅಂದರೆ ಇಷ್ಟೇನಾ ಅಕ್ಕಾ, ಅಂತ. ಅಷ್ಟೇ ಸಾಕಾಯಿತು ನನಗೆ. ಮುಂದಿನ ಚೆಂಡಿಗೆ ಹಾರಿದೆ. ಆ ಕಡೆ ಮನುಷ್ಯರು ಕಾಣಲೇ ಇಲ್ಲ, ಖಾಲಿ ಜಾಗ ಮಾತ್ರ ಕಂಡಿತು. ಕ್ಯಾಂಪಿನಲ್ಲಿ ಕಲಿಸುವುದೇ ಅದು — ಯಾರೂ ಇಲ್ಲದಲ್ಲಿಗೆ ಹೊಡಿ. ಯಾರ ಹೆಸರನ್ನೂ ಕೂಗಲಿಲ್ಲ.

ಸದಾನಂದಣ್ಣ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಅಡ್ಡಕ್ಕೆ ಹಾರಿದರು. ಐವತ್ತೆಂಟರ ಮನುಷ್ಯ. ಭುಜ ಹೋಗಿ ಸಿಮೆಂಟಿಗೆ ಬಡಿಯಿತು.

ಮೂಳೆ ಬಿರುಕು ಬಿಟ್ಟಿದೆ. ಬಲಗೈ. "ನಂದೇ ತಪ್ಪು ಡಾಕ್ಟ್ರೇ, ವಯಸ್ಸು ಮರ್ತೋಯ್ತು" ಎಂದರು ಅವರು. ಬರುವಾಗ ಆಟೋದಲ್ಲಿ ಅಪ್ಪ ಆಡಿದ್ದು ಒಂದೇ ಮಾತು: "ಪಾಯಿಂಟ್ ಸಿಕ್ಕಿತಲ್ಲ ನಿಂಗೆ?"

ಸಿಕ್ಕಿತು. ಥೂ. ಅವರು ಬಿದ್ದ ಕೂಡಲೇ ನಾನು ಓಡಿ ಹೋದೆ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ. ಮೊದಲು ಮುಷ್ಟಿ ಬಿಗಿದು ಖುಷಿಪಟ್ಟೆ. ಓಡಿದ್ದು ಆಮೇಲೆ. ಧನುಷ್ ನೋಡಿದ್ದಾನೆ.

ಜೂನ್ 16

ಮಂಗಳೂರಿನ ರೈಲಿಗೆ ಸದಾನಂದಣ್ಣನನ್ನು ಹತ್ತಿಸಲು ಅಪ್ಪ ಹೋದರು. ನನಗೆ ಮಂಡಿನೋವು ಎಂದೆ. ಸುಳ್ಳು.

ಜೂನ್ 25, ಬುಧವಾರ. ಕ್ಯಾಂಪ್

ಆಯ್ಕೆಯಾದೆ. ಕೋಚ್ ಎಲ್ಲರ ಮುಂದೆ ನನ್ನ ಪ್ರಾಕ್ಟೀಸ್ ಮ್ಯಾಚಿನ ವಿಡಿಯೋ ಹಾಕಿದರು. "ನೋಡಿ, ಎದುರಿಗೆ ಯಾರಿದ್ದಾರೆ ಅಂತ ಇವಳು ನೋಡುವುದೇ ಇಲ್ಲ. ಹೀಗಿರಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷದಿಂದ ಇದೇ ಮಾತಿಗೆ ಕಾದಿದ್ದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಸಂಜೆ ಧೈರ್ಯ ಮಾಡಿ ಸದಾನಂದಣ್ಣನಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದು ಅವರೇ. "ಸೆಲೆಕ್ಟ್ ಆಯ್ತಾ? ಒಳ್ಳೇದಾಯ್ತು ಮಗಾ. ಟಿವಿಯಲ್ಲಿ ನೋಡ್ತೇವೆ." ಕೈ ಹೇಗಿದೆ ಎಂದೆ. "ಮೇಲೆ ಎತ್ಲಿಕ್ಕೆ ಆಗುದಿಲ್ಲ, ಅಷ್ಟೆ. ಊಟಕ್ಕೆಲ್ಲ ಎಂತ ತೊಂದ್ರೆ ಇಲ್ಲ."

ಸೀಸನ್ ಮುಗಿದ ಕೂಡಲೇ ಊರಿಗೆ ಬರುತ್ತೇನೆ ಎಂದೆ.

"ಬಾ, ಬಾ. ಆಡ್ಲಿಕ್ಕೆ ಅಂತ ಬೇಡ. ಸುಮ್ಮನೆ ಬಾ."

ಬೈದದ್ದಲ್ಲ. ಯಾವತ್ತಿನ ಅದೇ ದನಿ. ಬೈದಿದ್ದರಾದರೂ ನಾನು ತಪ್ಪಾಯಿತು ಎನ್ನಬಹುದಿತ್ತು.