ಹೊಗೆಸೊಪ್ಪು ಇಟ್ಟ ಹಲ್ಲು

ಫೆಬ್ರವರಿ 3, ಸೋಮವಾರ

ಆನವಟ್ಟಿಯಿಂದ ಬೆಳಗಿನ ಬಸ್. ಶಿರಾಳಕೊಪ್ಪದವರೆಗೆ ನಿಂತೇ. ಯಾರೋ ಸೀಟು ಬಿಟ್ಟುಕೊಟ್ಟರು, ಬೇಡವೆಂದೆ. ಹೋಗಿರುವುದು ಕಿಡ್ನಿ, ಕಾಲಲ್ಲ. ಶಿಕಾರಿಪುರದ ಡಯಾಲಿಸಿಸ್ ಹಾಲ್‌ನಲ್ಲಿ ಅದೇ ಕಿಟಕಿ ಪಕ್ಕದ ಬೆಡ್. ಪಕ್ಕದಲ್ಲಿ ಸುಗ್ರಾ ಬೀ, ಕಾಲ ಮೇಲೆ ಕಂಬಳಿ ಎಳೆದುಕೊಂಡು, ನರ್ಸನ್ನು ಬೈಯುತ್ತಾ.

ಡಾಕ್ಟರ್ ಸಂಘಮಿತ್ರಾ ಬ್ಲಡ್ ರಿಪೋರ್ಟ್ ಹಿಡಿದು ಬಂದರು. ನಮ್ಮಿಬ್ಬರದೂ ಸಿಆರ್‌ಪಿ ಎಂಬ ನಂಬರ್ ಜಾಸ್ತಿಯಂತೆ. ಐದರೊಳಗೆ ಇರಬೇಕಾದದ್ದು ನನ್ನದು ನಲವತ್ತು.

"ಒಳಗೆ ಎಲ್ಲೋ ಉರಿಯೂತ ಇದೆ ಲೋಕಮ್ಮ. ಎಲ್ಲಿ ನೋವು, ಹೇಳಿ."

"ಎಲ್ಲೂ ಇಲ್ರೀ."

ಸುಗ್ರಾ ಬೀ ಕೂಡ ಹಾಗೇ ಹೇಳಿದಳು.

ನನ್ನದು ಸುಳ್ಳು. ಕೆಳದವಡೆಯ ಹಲ್ಲು ಎರಡು ತಿಂಗಳಿಂದ ಜೀವ ತಿನ್ನುತ್ತಿದೆ. ಕುಡಿಯುವ ನೀರಿಗೆ ಅಳತೆ ಹಾಕಿದ್ದಾರೆ; ಬಾಯಾರಿದರೆ ಎಲೆಅಡಿಕೆಯ ಕವಳವೇ ಗತಿ. ಹಲ್ಲಿನ ಮೇಲೆ ಚೂರು ಹೊಗೆಸೊಪ್ಪು ಇಟ್ಟರೆ ನೋವೂ ಅಡಗುತ್ತದೆ, ದಾಹವೂ ಅಡಗುತ್ತದೆ. ಆಸ್ಪತ್ರೆಗೆ ಬಾಯಿ ಮುಕ್ಕಳಿಸಿಯೇ ಹೋಗುತ್ತೇನೆ. ಗೊತ್ತಾದರೆ ಬಿಡಿಸುತ್ತಾರೆ. ನೀರು ಕಿತ್ತುಕೊಂಡರು, ಉಪ್ಪು ಕಿತ್ತುಕೊಂಡರು… ಇದನ್ನು ಕೊಡುವುದಿಲ್ಲ.

ಫೆಬ್ರವರಿ 5, ಬುಧವಾರ

ಮಗ ಚನ್ನೇಶ ಮೊನ್ನೆಯಿಂದ ಬಹಳ ಒಳ್ಳೆಯವನು. ಎದುರು ಮಾತಿಲ್ಲ. ಟೀ ತಾನೇ ತಂದುಕೊಟ್ಟ. ಅನುಮಾನ ಬಂತು. ಸೊಸೆ ಗಂಗಾಶ್ರೀಯನ್ನು ಹಿಡಿದು ಕೇಳಿದೆ. ಡಾಕ್ಟರ್ ಅವನಿಗೆ ಫೋನ್ ಮಾಡಿದ್ದರಂತೆ — ಡಯಾಲಿಸಿಸ್‌ನವರಲ್ಲಿ ಈ ನಂಬರ್ ಏರಿಯೇ ಇದ್ದರೆ ಹಾರ್ಟ್‌ಗೆ ಅಪಾಯ, ಹೆಚ್ಚು ಕಾಲ ಬದುಕುವುದು ಕಷ್ಟ. ಕಾರಣ ಸಿಕ್ಕರೆ ಇಳಿಸಬಹುದು.

ಇವನು ಕಾರಣ ಹುಡುಕಲಿಲ್ಲ. ನನ್ನ ಹಿಟ್ಟಿನ ಗಿರಣಿಗೆ ಗಿರಾಕಿ ಹುಡುಕಿದ್ದಾನೆ!

"ಅವ್ವ, ಇನ್ನ ನೀ ಆರಾಮಾಗಿರು. ಆ ಧೂಳು ಬ್ಯಾಡ."

"ನಾ ಸತ್ತ ಮ್ಯಾಲೆ ಮಾರು. ಈಗ ಬೆಲ್ಟ್ ಹಾಕು, ಅಕ್ಕಿ ಬಂದೈತೆ."

ಅಕ್ಕಿಯನ್ನು ಧೊಪ್ಪನೆ ಗಿರಣಿಗೆ ಸುರಿದೆ. ಸಿಟ್ಟು ಅಂದುಕೊಂಡಿರಲಿ ಅವನು. ಹೆದರಿಕೆ ಅದು. ಇಲ್ಲಿ ಬರೆದುಬಿಡುತ್ತೇನೆ, ಯಾರು ಓದುತ್ತಾರೆ?

ಫೆಬ್ರವರಿ 10, ಸೋಮವಾರ

ಪಕ್ಕದ ಬೆಡ್ ಖಾಲಿ. ಹೊಸ ಬೆಡ್‌ಶೀಟು. ಗೊತ್ತಾಯಿತು, ಆದರೂ ಕೇಳಿದೆ. ಸುಗ್ರಾ ಬೀ ಶನಿವಾರ ಹೋದಳು. ಸಕ್ಕರೆ ಕಾಯಿಲೆಯ ಕಾಲು. ಬೆರಳಲ್ಲಿ ಹುಣ್ಣು, ನಂಜು ಮೈಗೇರಿತ್ತು. ಬೆರಳು ಕತ್ತರಿಸುತ್ತಾರೆಂದು ಕಂಬಳಿ ಹೊದ್ದು ಮುಚ್ಚಿಟ್ಟಿದ್ದಳು. ಪೆದ್ದಿ. ನನ್ನಂಥದೇ ಪೆದ್ದಿ. ಮಷೀನ್ ಓಡುತ್ತಿರುವಾಗಲೇ ಅತ್ತೆ.

ಆಮೇಲೆ ಡಾಕ್ಟರನ್ನು ಕೂಗಿ ಬಾಯಿ ಅಗಲಿಸಿದೆ.

"ನೋಡ್ರೀ. ಇಲ್ಲೈತೆ ನಿಮ್ಮ ನಲವತ್ತು."

ಟಾರ್ಚ್ ಹಾಕಿ ನೋಡಿದರು. "ಬುಡದಲ್ಲೆಲ್ಲಾ ಕೀವು! ಯಾಕ್ರೀ ಹೇಳ್ಲಿಲ್ಲ?"

"ಬಾಯಾರಿದ್ರೆ ಏನ್ ಮಾಡ್ತಿ ಅಂತ ನೀವು ಕೇಳಿದ್ರೇನ್ರೀ?"

ಡಾಕ್ಟರ್ ಹಲ್ಲಿನ ಡಾಕ್ಟರಿಗೆ ಚೀಟಿ ಬರೆಯಲು ಕೂತರು.

ಫೆಬ್ರವರಿ 14, ಶುಕ್ರವಾರ

ಸೊರಬದಲ್ಲಿ ಆ ಹಲ್ಲು, ಅದರ ಪಕ್ಕದ್ದು ಎರಡನ್ನೂ ಕೀಳಿಸಿಕೊಂಡೆ. ಡಯಾಲಿಸಿಸ್‌ನ ಮರುದಿನ ಕಿತ್ತರೆ ರಕ್ತದ ಭಯ ಕಡಿಮೆ ಎಂದು ಡಾಕ್ಟರ್ ಚೀಟಿ ಬರೆದಿದ್ದರು. ಆದರೂ ಹಲ್ಲಿನ ಡಾಕ್ಟರ್ ಹಿಂದೆಮುಂದೆ ನೋಡಿದ.

"ಹೆದರಬೇಕಾದೋಳು ನಾನು. ಕೀಳ್ರೀ."

ಬರುವಾಗ ಕವಳದ ಸಂಚಿ ಬಸ್ಸಿನ ಕಿಟಕಿಯಿಂದ ಆಚೆ. ಮನೆಗೆ ಬಂದವಳೇ ಸೊಂಟದಲ್ಲಿ ಅದನ್ನೇ ತಡಕಿದೆ.

ಮಾರ್ಚ್ 10, ಸೋಮವಾರ. ಸಂಜೆ

ನಲವತ್ತಿದ್ದ ನಂಬರ್ ಈಗ ಹನ್ನೊಂದು! "ಇನ್ನೂ ಇಳೀಬೇಕು," ಅಂದರು ಡಾಕ್ಟರ್. "ಇಳಸ್ತೀನಿ," ಅಂದೆ. ಇಷ್ಟು ವರ್ಷ ಬದುಕುತ್ತೀ ಅಂತ ಬರೆದುಕೊಡಲು ಅವರಿಂದಾಗದು. ಬರೆದುಕೊಡಿ ಎಂದು ನಾನೂ ಕೇಳಲಿಲ್ಲ.

ಸುಗ್ರಾ ಬೀಯ ಬೆಡ್‌ಗೆ ತಿಮ್ಮಮ್ಮ ಅಂತ ಹೊಸಬಳು. ಎಲ್ಲೂ ನೋವಿಲ್ಲವಂತೆ. ಎದ್ದು ಹೊರಡುವಾಗ ಅವಳ ಕಂಬಳಿ ಎತ್ತಿ ಪಾದ ನೋಡಿದೆ. ಬಾಯಿಗೆ ಬಂದಂತೆ ಬೈದಳು. ಬೈಯಲಿ.

ಮನೆಗೆ ಬಂದರೆ ಗಿರಣಿ ಕೊಳ್ಳುವವನು ಚನ್ನೇಶನ ಜೊತೆ ಕೂತಿದ್ದಾನೆ. ನಾನು ಸ್ವಿಚ್ ಹಾಕಿದೆ. ಆ ಸದ್ದಿನಲ್ಲಿ ಅವನ ರೇಟು ಯಾರಿಗೂ ಕೇಳಿಸಲಿಲ್ಲ. ಎದ್ದು ಹೋದ.

ಬಾಯಿ ಒಣಗಿದೆ. ಒಣಗಲಿ. ಹೊರಗೆ ಹನುಮಮ್ಮ ಜೋಳದ ಚೀಲ ಇಳಿಸಿ ಕೂಗುತ್ತಿದ್ದಾಳೆ — "ಲೋಕಮ್ಮಾ, ಅದೀಯೇನೇ?"

ಇದ್ದೀನಿ ಕಣೇ, ಇದ್ದೀನಿ.