ತೊಟ್ಟಿಲ ದಿನ ನಾನು ಹೇಳದ್ದು

ಗಂಗಾವತಿ, ಭಾನುವಾರ

ಪಕೀರಮ್ಮಕ್ಕನಿಗೆ ತಮ್ಮ ಗೋವಿಂದರಾಜನ ನಮಸ್ಕಾರಗಳು.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ ‘ಭತ್ತದ ಕೀಟ’ ಎಂದಷ್ಟೇ ಹೇಳಿದ್ದೇನೆ. ತೆನೆಯ ಹಾಲು ಹೀರುವ ಗಂಡು ತಿಗಣೆಯ ಹೊಟ್ಟೆ ಬಿಡಿಸಿ, ವೃಷಣದ ಕೊಳವೆಗಳನ್ನು ಎಣಿಸಿ, ದಾರದಂತಹ ಉದ್ದನೆಯ ವೀರ್ಯಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವುದು ನನ್ನ ಕೆಲಸ. ಆರು ವರ್ಷಗಳ ಹಿಂದೆ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅದರಲ್ಲೇ ನನ್ನದನ್ನೂ ನೋಡಿದೆ. ಒಂದು ವೀರ್ಯಾಣುವೂ ಇರಲಿಲ್ಲ. ವೈದ್ಯರೂ ಅದನ್ನೇ ಬರೆದುಕೊಟ್ಟರು. ಕಟ್ಟಿಕೊಂಡ ಹೆಂಡತಿ ಹುಲಿಗೆಮ್ಮನಿಗೂ ನಾನು ಹೇಳಲಿಲ್ಲ.

ಕಳೆದ ತಿಂಗಳು ಯಲಬುರ್ಗಿಯಲ್ಲಿ ನಿನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗ ನೀನು ಹುಲಿಗೆಮ್ಮನಿಗೆ, “ಬಂಜಿ ಕೈ ತೊಟ್ಟಿಲಕ್ಕ ಹಚ್ಚಬ್ಯಾಡವಾ, ಅತ್ತಾಗ ಸರಿ” ಎಂದೆ. ನಾನು ಅಲ್ಲೇ ಕುಳಿತಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು, “ಅಕ್ಕಾರ ಅಂದದ್ದು ಹೊಸಾದೇನಲ್ರಿ. ನೀವರ ಒಂದ ಮಾತ ಆಡಬೇಕಿತ್ತು” ಎಂದು, ಕುಕನೂರಿನಲ್ಲಿ ಇಳಿದು ಅಣ್ಣನ ಮನೆಗೆ ಹೋದಳು.

ನಿನ್ನೆ ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. “ಆರು ವರ್ಷಾರಿ?” ಎಂದಷ್ಟೇ ಕೇಳಿ ಒಳಗೆ ಹೋದಳು.

ವೈದ್ಯರ ವರದಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಆ ದಿನ ಸೇರಿದ್ದ ಹೆಣ್ಣುಮಕ್ಕಳನ್ನೆಲ್ಲ ಮತ್ತೆ ಕರೆದು, ದೋಷ ನನ್ನದೆಂದು ನೀನೇ ಹೇಳಬೇಕು. ಅವಳನ್ನು ಗಂಗಾವತಿಗೆ ಬಾ ಎಂದು ಮಾತ್ರ ಒತ್ತಾಯಿಸಬೇಡ.

ಹೇಳಿದ ಮೇಲೆ ನನಗೊಂದು ಸಾಲು ಬರೆ. ಅದನ್ನು ತೋರಿಸುವ ನೆಪದಲ್ಲಾದರೂ ಇನ್ನೊಮ್ಮೆ ಕುಕನೂರಿಗೆ ಹೋಗಬಹುದು.

ನಿನ್ನ ತಮ್ಮ,
ಗೋವಿಂದರಾಜ