ಡೊರೀಟಾಳ ಹೆಸರಿನ ಬಾಣ

ಸೇಂಟ್ ಫಿಲಿಪ್, ಬಾರ್ಬಡೋಸ್
೧೮ ಮಾರ್ಚ್ ೨೦೧೮, ಭಾನುವಾರ

ಪ್ರೀತಿಯ ಮರ್ಟಲ್,

ನಿನ್ನ ಕ್ರಿಸ್‌ಮಸ್ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೊಣಕಾಲು ನೋವು, ಚರ್ಚಿನ ಕೆಲಸ ಎಂದೆಲ್ಲ ನೆಪ ಹೇಳಬಹುದು. ನಿಜ ಏನೆಂದರೆ, ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಹೊಟ್ಟೆ ಉರಿಯುತ್ತಿದೆ. ನಿನ್ನನ್ನು ಬಿಟ್ಟು ಯಾರಿಗೆ ಹೇಳಲಿ?

ಕಾರ್ಲೈಲ್ ಚೆನ್ನಾಗಿದ್ದಾನೆ. ಕಳೆದ ವರ್ಷ ಸಕ್ಕರೆ ಕಾಯಿಲೆಯಿಂದ ನನ್ನ ಗಂಡನ ಕಾಲ್ಬೆರಳು ತೆಗೆದರೆಂದು ಬರೆದಿದ್ದೆನಲ್ಲ, ಅಂದಿನಿಂದ ಮನೆಯಲ್ಲಿ ಸಿಹಿ ಬಂದ್. ನಾನು ಸಪ್ಪೆ ಅಡುಗೆ ಬಡಿಸುತ್ತೇನೆ, ಅವನು ತಟ್ಟೆ ಪಕ್ಕಕ್ಕೆ ತಳ್ಳುತ್ತಾನೆ, ನಾನು ಮತ್ತೆ ಅವನ ಮುಂದಕ್ಕೆ ತಳ್ಳುತ್ತೇನೆ. ಸಂಜೆ ಮಾತ್ರ ನನ್ನ ಕೈಗೆ ಸಿಗುವುದಿಲ್ಲ. ಊರ ಗಂಡಸರ ಜೊತೆ ಡೊರೀಟಾಳ ಅಂಗಡಿಯ ಮುಂದೆ ಡಾಮಿನೊ ಆಡುತ್ತ ಮಾಬಿ ತೊಗಟೆಯ ಸಿಹಿ ಶರಬತ್ತು ಕುಡಿಯುತ್ತಾನೆ. ಶನಿವಾರವಾದರೆ ಗೆಣಸಿನ ಪುಡ್ಡಿಂಗು ಬೇರೆ. ನನ್ನನ್ನು ಮದುವೆಯಾಗುವ ಮೊದಲು ಅವನು ಅವಳ ಹಿಂದೆ ಎಷ್ಟು ಸುತ್ತಿದ್ದನೆಂದು ನಿನಗೇ ಗೊತ್ತು. ಆದರೂ ಈ ವರ್ಷ ಅವನ ಸಕ್ಕರೆ ಇಳಿಯಿತು. "ಎಲ್ಲಾ ನಿಮ್ಮ ಕೈಗುಣ, ವೆರ್ಲೀನ್ ಆಂಟಿ," ಎಂದಳು ನರ್ಸ್. ಚರ್ಚಿನಲ್ಲಿ ಕಂಡಕಂಡವರಿಗೆಲ್ಲ ಅದನ್ನು ಹೇಳಿಕೊಂಡು ಬಂದೆ.

ಗುರುವಾರ ಚರ್ಚಿನ ಹಾಲ್‌ಗೆ ವಿಶ್ವವಿದ್ಯಾಲಯದಿಂದ ಕಡೀಷಾ ಎಂಬ ಡಾಕ್ಟರ್ ಹುಡುಗಿ ಬಂದಿದ್ದಳು. ಕಂಪ್ಯೂಟರಿನೊಳಗೆ ನಮ್ಮೂರಿನಂಥದ್ದೇ ಒಂದು ಊರು ಕಟ್ಟಿದ್ದಾಳೆ. ಅಲ್ಲಿನ ಜನವೂ ತಿನ್ನುತ್ತಾರೆ, ದಪ್ಪಗಾಗುತ್ತಾರೆ, ಕಾಯಿಲೆ ತಂದುಕೊಳ್ಳುತ್ತಾರೆ. ಯಾವುದರಿಂದ ಯಾವುದು ಆಗುತ್ತದೆಂದು ನಾವು ಹೇಳಬೇಕು. ಅವಳು ಗೋಡೆಯ ಕಾಗದದ ಮೇಲೆ ಬಾಣ ಎಳೆದು, ಅದನ್ನೇ ಕಂಪ್ಯೂಟರಿಗೆ ಕಲಿಸುತ್ತಾಳೆ. ಡೊರೀಟಾ ಹಳದಿ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲೇ ಕೂತಿದ್ದಳು. ಆ ಟೋಪಿ ನೋಡಿಯೇ ನಾನು ಎದ್ದು ನಿಂತೆ.

"ಬರ್ಕೊಳಮ್ಮ. ಮನೇಲಿ ಹೆಂಡ್ತಿ ಬೇಡ ಅಂದಷ್ಟೂ ಗಂಡ ಅಂಗಡೀಲಿ ಜಾಸ್ತಿ ತಿಂತಾನೆ. ಅಂಗಡಿಯವಳಿಗೇನು, ಯಾರ ಕಾಲು ಹೋದ್ರೂ ವ್ಯಾಪಾರ ಆದ್ರೆ ಸಾಕು!"

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಹಿಂದಿನ ಬೆಂಚಿನಲ್ಲಿ ಕಾರ್ಲೈಲ್ ತಲೆ ತಗ್ಗಿಸಿದ. ಕಡೀಷಾ ಬಾಣ ಎಳೆದು ಕಂಪ್ಯೂಟರ್ ಓಡಿಸಿದಳು. ಪರದೆಯ ಮೇಲೆ ಕೆಂಪು ಗೆರೆ ಏರುತ್ತ ಹೋಯಿತು. ಅದರ ಪ್ರಕಾರ ಊರಿನವರ ಸಕ್ಕರೆ ಈ ವರ್ಷ ಏರಿರಬೇಕು. ಕ್ಲಿನಿಕ್ಕಿನ ನಿಜವಾದ ಲೆಕ್ಕದ ನೀಲಿ ಗೆರೆ ಮಾತ್ರ ಇಳಿದಿತ್ತು.

"ಎರಡೂ ಕೂಡ್ತಾ ಇಲ್ಲ. ಏನೋ ಒಂದು ಬಿಟ್ಟಿದೀವಿ," ಎಂದಳು ಕಡೀಷಾ.

"ಮನೇಲಿ ನಾವು ಪಡೋ ಕಷ್ಟಾನೇ ಬಿಟ್ಟಿದೀಯ!" ಎಂದೆ.

"ಅದನ್ನ ಆಗ್ಲೇ ಸೇರಿಸಿದೀನಿ, ಆಂಟಿ. ಸಾಲ್ತಾ ಇಲ್ಲ."

ಆಗ ಡೊರೀಟಾ ಕೂತಲ್ಲಿಂದಲೇ ಹೇಳಿದಳು. "ನಾನು ಪುಡ್ಡಿಂಗಿಗೆ ಸಕ್ಕರೆ ಹಾಕೋದು ಬಿಟ್ಟು ವರ್ಷ ಆಯ್ತು. ಬರೀ ಜಾಯಿಕಾಯಿ, ಚಕ್ಕೆ. ಶರಬತ್ತಿಗೂ ಇಷ್ಟಿಷ್ಟೇ ಕಮ್ಮಿ ಮಾಡ್ತಾ ಬಂದೆ. ಹೇಳಿದ್ರೆ ಒಬ್ರೂ ಮುಟ್ತಿರ್ಲಿಲ್ಲ."

"ಯಾವತ್ತಿಂದ ಬಿಟ್ರಿ?" ಎಂದು ಕಡೀಷಾ ಕೇಳಿದಳು.

"ಕಾರ್ಲೈಲ್ ಬೆರಳು ತೆಗೆದ್ರಲ್ಲ, ಆವತ್ತಿಂದ."

ಕಡೀಷಾ ಹೊಸ ಬಾಣ ಎಳೆದು ಅದರ ಮೇಲೆ ಡೊರೀಟಾ ಎಂದು ಬರೆದಳು. ಮತ್ತೆ ಓಡಿಸಿದಾಗ ಕೆಂಪು ಗೆರೆ ಬಾಗಿ ನೀಲಿಯ ಪಕ್ಕಕ್ಕೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಮರ್ಟಲ್, ತಟ್ಟದಿದ್ದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳನ್ನು ಬೈಯಲು ನನಗಿದ್ದ ಒಂದೇ ಕಾರಣವೂ ಹೋಯಿತು.

ಮನೆಗೆ ಬರುವಾಗ ಕಾರ್ಲೈಲ್ ಹೇಳಿದ, "ನಂಗೂ ಗೊತ್ತಿರ್ಲಿಲ್ಲ ಕಣೇ."

"ನಾಲಿಗೆಗೂ ಗೊತ್ತಾಗ್ಲಿಲ್ವಾ?"

"ಇಲ್ಲ. ಸಿಹಿಯಾಗೇ ಇತ್ತು."

ಅಷ್ಟೇ ಸುದ್ದಿ. ನಿನ್ನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ದೇವರು ತಣ್ಣಗೆ ಇಟ್ಟಿರಲಿ. ನಿನ್ನ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ನಿನ್ನ ಹಳೆಯ ಗೆಳತಿ,
ವೆರ್ಲೀನ್

ಮರೆತಿದ್ದೆ: ನಿನ್ನೆ ಅವಳು ಹೇಳಿದಂತೆಯೇ ಸಕ್ಕರೆಯಿಲ್ಲದೆ, ಜಾಯಿಕಾಯಿ ಚಕ್ಕೆ ಹಾಕಿ ನಾನೇ ಪುಡ್ಡಿಂಗು ಮಾಡಿದೆ. ಅವನು ತಟ್ಟೆ ತಳ್ಳಲಿಲ್ಲ. ಬೆರಳು ನೆಕ್ಕಿಕೊಂಡು ತಿಂದ. "ಡೊರೀಟಾ ಕಳ್ಸಿದ್ಲಾ?" ಎಂದು ಕೇಳಿದ. ಹೌದು ಎಂದೆ. ಇನ್ನೊಂದು ತುಂಡು ಹಾಕಿಸಿಕೊಂಡ.